ಸೊಪ್ಪು ಮಾರುವವರಿಲ್ಲದ ಪುರವರ್ಣನೆ

ಹಳಗನ್ನಡ ಕಾವ್ಯದ ಪುರವರ್ಣನೆಯನ್ನು ಪಾಠ ಹೇಳುವುದು ಸುಲಭವೆಂದು ನಾನು ಬಹುಕಾಲ ತಿಳಿದಿದ್ದೆ. ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು. ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿ ಎಂದು ಕವಿ ಹಿಡಿದ ದಾರಿಯನ್ನೇ ಅಧ್ಯಾಪಕನೂ ಹಿಡಿದು ನಡೆದರೆ, ಶಬ್ದಾರ್ಥ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಪಾವಗಡದ ಹುಡುಗರಿಗೆ ಕೋಟೆ ಯಾವುದೆಂದು ತೋರಿಸಲು ಕಿಟಕಿಯ ಕಡೆ ಕೈ ಮಾಡಿದರೆ ಸಾಕು. ಬೆಟ್ಟವೂ ಅದರ ಮೇಲಿನ ಗೋಡೆಯೂ ಅಲ್ಲೇ ಇವೆ. ಈ ಅನುಕೂಲ ಎಲ್ಲ ಊರಿನ ಅಧ್ಯಾಪಕರಿಗೂ ಇರುವುದಿಲ್ಲ.

ಕಳೆದ ವರ್ಷ ಇಂಥದೇ ಒಂದು ತರಗತಿಯಲ್ಲಿ ಅಂಗಡಿಬೀದಿಯ ಪದ್ಯಗಳನ್ನು ಮುಗಿಸಿದ್ದೆ. ಮುತ್ತಿನ ರಾಶಿ, ಕರ್ಪೂರ, ಕಸ್ತೂರಿ, ಪಟ್ಟೆ ಸೀರೆ ಎಲ್ಲವೂ ಆಗಿದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇದ್ರಾಗೆ ಸೊಪ್ಪು ಮಾರೋರು ಯಾರೂ ಇಲ್ವಲ್ಲ ಸಾರ್," ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆಕೆಯ ತಾಯಿ ಸಂತೆಯಲ್ಲಿ ಸೊಪ್ಪು ಮಾರುವವರೆಂದು ನನಗೆ ಆಗ ತಿಳಿದಿರಲಿಲ್ಲ. ಅದು ಕವಿಸಮಯ, ಕವಿ ಕಂಡದ್ದನ್ನು ಬರೆಯುವುದಿಲ್ಲ, ಇರಬೇಕಾದ್ದನ್ನು ಬರೆಯುತ್ತಾನೆ ಎಂದು ಏನೋ ಹೇಳಿ ಕುಳ್ಳಿರಿಸಿದೆ. ಉತ್ತರ ಪರೀಕ್ಷೆಗೆ ಸಾಕಾಗುವಂಥದೇ. ಮನೆಗೆ ಬಂದ ಮೇಲೆ ಮಾತ್ರ ನನಗೇ ಸಾಕೆನ್ನಿಸಲಿಲ್ಲ.

ನೋಡಿದರೆ ಹುಡುಗಿಯ ಆಕ್ಷೇಪಣೆ ಸಣ್ಣದಲ್ಲ. ನಮ್ಮ ಚಂಪೂ ಕವಿಗಳ ಅಂಗಡಿಬೀದಿಯಲ್ಲಿ ಸರಕು ಇದೆ, ಮಾರುವವರಿಲ್ಲ. ಅವರು ಕಾಣಿಸಿಕೊಂಡರೂ ಸಿರಿಯ ಗುರುತಾಗಿ, ಕುಬೇರನಿಗೆ ಹೋಲಿಕೆಯಾಗಿ ಕಾಣಿಸುತ್ತಾರೆಯೇ ಹೊರತು ಬೆಳಗಿನ ಜಾವ ಎದ್ದು ಗಂಟು ಹೊತ್ತು ಬಂದವರಾಗಿ ಅಲ್ಲ. ಇದಕ್ಕೆ ದೊಡ್ಡ ಅಪವಾದವೆಂದರೆ ರಾಘವಾಂಕ. ಅವನ ಹರಿಶ್ಚಂದ್ರಕಾವ್ಯದಲ್ಲಿ ಕಾಶಿಯ ಬೀದಿಗೆ ಮಾರಾಟಕ್ಕೆ ಬರುವುದು ಮುತ್ತಲ್ಲ. ಹೆಂಡತಿ, ಮಗ, ಕೊನೆಗೆ ಅರಸನೇ. ವೀರಬಾಹುಕ ಹಣ ಎಣಿಸುವಾಗ ಪೇಟೆಯೆಂದರೆ ಏನೆಂಬುದು ಓದುಗನ ಮೈಗೆ ತಗಲುತ್ತದೆ. ಆದರೆ ರಾಘವಾಂಕನೂ ಬೀದಿಯನ್ನು ಒಂದು ಸತ್ವಪರೀಕ್ಷೆಯ ರಂಗವಾಗಿ ಕಂಡನೇ ಹೊರತು ನಿತ್ಯದ ಬದುಕಾಗಿ ಅಲ್ಲ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದಿದೆ. ಅಲ್ಲಿ ಸಂತೆ ಗದ್ದಲಕ್ಕೆ ಇನ್ನೊಂದು ಹೆಸರು. ಅದನ್ನು ಸಹಿಸಬೇಕೆಂದು ಹೇಳುವಾಗಲೂ ಗದ್ದಲ ಗದ್ದಲವೇ.

ಸೊಪ್ಪಿನವರ ಹತ್ತಿರಕ್ಕೆ ಬಂದವರು ವಚನಕಾರರಲ್ಲೇ ಕೆಲವರು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದವನು. ಮೇದಾರ ಕೇತಯ್ಯ ಬಿದಿರು ಕೆಲಸದವನು. ಇವರೆಲ್ಲ ಇಂದಿದ್ದರೆ ಪೇಟೆಯ ರಸ್ತೆಬದಿಯಲ್ಲೇ ಗೋಣಿತಾಟು ಹಾಸಿ ಕುಳಿತಿರುತ್ತಿದ್ದರು. ಅವರ ನಡುವೆಯೇ ಇನ್ನೊಬ್ಬನಿದ್ದಾನೆ, ಸುಂಕದ ಬಂಕಣ್ಣ. ಕಾಯಕ ಸುಂಕ ವಸೂಲಿ, ಅಂಕಿತ ಬಂಕೇಶ್ವರಲಿಂಗ. ಸರಕು ಮಾರುವವನೂ ಸುಂಕ ಕೇಳುವವನೂ ಒಂದೇ ಸಾಹಿತ್ಯದಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತದ್ದು ಪ್ರಪಂಚದ ಇನ್ನಾವ ಸಾಹಿತ್ಯದಲ್ಲಿದೆಯೋ ನಾನರಿಯೆ. ಸುಂಕದವನಿಗೂ ಆತ್ಮಶೋಧನೆ ಇರಬಹುದೆಂದು ತೋರಿಸಿಕೊಟ್ಟದ್ದಕ್ಕಾಗಿ ಬಂಕಣ್ಣನನ್ನು ನಾವು ಇನ್ನೂ ಹೆಚ್ಚು ಓದಬೇಕಾಗಿತ್ತು. ನಮ್ಮ ಪಠ್ಯಗಳಲ್ಲಿ ಅವನಿಗೆ ಸಾಲದಷ್ಟು ಜಾಗವಿದೆ ಎಂಬುದು ನನ್ನ ಹಳೆಯ ದೂರು. ಅದನ್ನು ಇಲ್ಲಿ ಮುಂದುವರಿಸುವುದಿಲ್ಲ.

ಇಷ್ಟು ಯೋಚಿಸುವಾಗ ಇನ್ನೊಂದು ಬಗೆಯ ಪುರವರ್ಣನೆ ನೆನಪಿಗೆ ಬಂತು. ಅದನ್ನು ಯಾವ ಕವಿಚರಿತೆಯಲ್ಲೂ ಸೇರಿಸುವುದಿಲ್ಲ. ಆದರೆ ಊರಿನ ಮೇಲೆ ಅದು ಮಾಡುವಷ್ಟು ಪರಿಣಾಮವನ್ನು ಕಾದಂಬರಿಯೊಂದು ಮಾಡುವುದಿಲ್ಲ. ಕಚೇರಿಯ ಹಲಗೆಗೆ ಅಂಟಿಸುವ, ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ, ಆಟೋರಿಕ್ಷಾದ ಧ್ವನಿವರ್ಧಕದಲ್ಲಿ ಒದರುವ ಪ್ರಕಟಣೆಯನ್ನು ಕುರಿತು ಹೇಳುತ್ತಿದ್ದೇನೆ. ಸಂತೆ ಸುಂಕದ ಹರಾಜು, ನೆಲವಳಿ ವಸೂಲಿ, ಮಳಿಗೆಗಳ ಬಾಡಿಗೆ, ಜಾತ್ರೆಯ ದಿನಗಳಲ್ಲಿ ವಾಹನ ನಿಲುಗಡೆ, ರಸ್ತೆಬದಿಯ ತೆರವು ಎಲ್ಲವೂ ಈ ಗದ್ಯದಲ್ಲೇ ನಡೆಯುತ್ತವೆ. ಕನ್ನಡ ಎಂ.ಎ. ಮಾಡಿದವನು ಇದನ್ನು ವಿಮರ್ಶೆಗೆ ಎತ್ತಿಕೊಂಡರೆ ಓದುಗರು ನಕ್ಕಾರು. ನಗಲಿ. ಇದನ್ನು ನಾನು ಎತ್ತಿಕೊಳ್ಳುವುದಕ್ಕೆ ಸ್ವಂತ ಕಾರಣವೊಂದಿದೆ, ಅದನ್ನು ಹೇಳಿಬಿಡುತ್ತೇನೆ.

ಪಾವಗಡಕ್ಕೆ ಬರುವ ಮುಂಚೆ, ಹೆಸರು ಬೇಡವಾದ ಇನ್ನೊಂದು ಊರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಅಲ್ಲಿನ ಕಚೇರಿಯೊಂದರಿಂದ ಒಂದು ಸಂಜೆ ಒಬ್ಬರು ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದರು. "ಮೇಷ್ಟ್ರೇ, ನಾಳೆ ಅಚ್ಚಿಗೆ ಹೋಗಬೇಕು, ಕನ್ನಡ ಸ್ವಲ್ಪ ತಿದ್ದಿಕೊಡಿ," ಎಂದರು. ಪೇಟೆಬೀದಿಯಲ್ಲಿ ಕುಳಿತು ಮಾರುವವರು ಇಂತಿಷ್ಟು ದಿನದೊಳಗೆ ಜಾಗ ಬಿಡಬೇಕು, ಮುಂದೆ ಸಂತೆ ಊರಾಚೆಯ ಮೈದಾನದಲ್ಲಿ ನಡೆಯತಕ್ಕದ್ದು ಎಂಬ ಪ್ರಕಟಣೆ ಅದು. ನಾನು ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು ಕುಳಿತೆ. ಅಲ್ಪಪ್ರಾಣವಾಗಿದ್ದ "ಅನದಿಕೃತ"ವನ್ನು "ಅನಧಿಕೃತ" ಮಾಡಿದೆ. ಎರಡು ಕಡೆ ವಿಭಕ್ತಿ ಸರಿಪಡಿಸಿದೆ. ಒಂದು ಉದ್ದ ವಾಕ್ಯವನ್ನು ಮುರಿದು ಎರಡು ಮಾಡಿದೆ. ಬಂದವರು ಕಾಫಿ ಕುಡಿದು ವಂದನೆ ಹೇಳಿ ಹೋದರು. ಭಾಷಾಸೇವೆಯೊಂದು ಆಯಿತೆಂದು ನಾನು ಸಂತೋಷಪಟ್ಟೆ.

ಎರಡು ತಿಂಗಳ ಮೇಲೆ ಮೈದಾನದ ಸಂತೆಗೆ ಹೋದೆ. ಮೊದಲು ಬೀದಿಯಲ್ಲಿದ್ದವರಲ್ಲಿ ಅರ್ಧ ಜನವೂ ಅಲ್ಲಿರಲಿಲ್ಲ. ನೆರಳಿಲ್ಲ, ನೀರಿಲ್ಲ, ಬಸ್ಸಿನಿಂದಿಳಿದವರು ಅಲ್ಲಿಯವರೆಗೆ ನಡೆಯುವುದಿಲ್ಲ. ನಾನು ವಾರವಾರವೂ ಬದನೆಕಾಯಿ ಕೊಳ್ಳುತ್ತಿದ್ದ ಮುದುಕಿ ಕಾಣಲಿಲ್ಲ. ಪಕ್ಕದ ಹೆಂಗಸನ್ನು ವಿಚಾರಿಸಿದೆ. "ಆವಮ್ಮ ಈಗ ಬರಲ್ಲ ಸ್ವಾಮಿ, ಮಗಳ ಮನೆ ಸೇರ್ಕೊಂಡ್ಲು. ಅದೇನೋ ಕಾಗದ ಅಂಟಿಸಿದ್ರಲ್ಲ, ನಮಗೆ ಯಾರು ಓದಿ ಹೇಳಿದ್ರು?" ಎಂದಳು. ಆ ಕಾಗದದ ಕಾಗುಣಿತ ಶುದ್ಧವಾಗಿತ್ತು ಎಂದು ನಾನು ಆಕೆಗೆ ಹೇಳುವಂತಿರಲಿಲ್ಲ.

ಆ ಹಾಳೆಯಲ್ಲಿ ನಾನು ತಿದ್ದದೆ ಬಿಟ್ಟದ್ದು ಯಾವುದೆಂದು ಈಗ ನೋಡುತ್ತೇನೆ. ಮೊದಲನೆಯದು ಕ್ರಿಯಾಪದ. "ತೆರವುಗೊಳಿಸಲಾಗುವುದು", "ಕ್ರಮ ಜರುಗಿಸಲಾಗುವುದು", "ಹರಾಜು ಮಾಡಲಾಗುವುದು." ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗಿದ್ದಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ; ಮನೆಯಲ್ಲಿ ಯಾರೂ "ನನ್ನಿಂದ ಅನ್ನ ಉಣ್ಣಲಾಯಿತು" ಎನ್ನುವುದಿಲ್ಲ. ಆದರೂ ಆಡಳಿತದ ಕನ್ನಡ ಈ ಪ್ರಯೋಗವನ್ನು ಬಿಟ್ಟು ಒಂದು ಹೆಜ್ಜೆ ಇಡದು. ಇಂಗ್ಲಿಷಿನ ಮಾದರಿಯನ್ನು ಮುಂದಿಟ್ಟುಕೊಂಡು ಬರೆದದ್ದರ ಫಲ ಇದು ಎಂದು ಹೇಳಿ ಮುಗಿಸಬಹುದು. ಅದು ಅರ್ಧ ನಿಜ ಮಾತ್ರ. "ಲಾಗುವುದು" ಎಂದಾಗ ಕರ್ತೃಪದ ಮಾಯವಾಗುತ್ತದೆ, ಬರೆಯುವವನಿಗೆ ಬೇಕಾದದ್ದೂ ಅದೇ. ಯಾರು ತೆರವು ಮಾಡುತ್ತಾರೆ, ಯಾರು ತೀರ್ಮಾನ ಮಾಡಿದರು, ಯಾರ ಹತ್ತಿರ ಹೋಗಿ ಕೇಳಬೇಕು ಎಂಬ ಪ್ರಶ್ನೆಗಳಿಗೆ ವಾಕ್ಯದೊಳಗೆ ಜಾಗವೇ ಉಳಿಯುವುದಿಲ್ಲ. ಮಳೆ ಬರುವಂತೆ ತೆರವು ಬರುತ್ತದೆ.

ಎರಡನೆಯದು ಹರಾಜು ಪ್ರಕಟಣೆಯ ಕೊನೆಯಲ್ಲಿ ತಪ್ಪದೆ ಬರುವ ಷರತ್ತು. ಯಾವ ಕಾರಣವನ್ನೂ ಕೊಡದೆ ಹರಾಜನ್ನು ಮುಂದೂಡುವ, ರದ್ದು ಮಾಡುವ ಅಧಿಕಾರ ತನಗುಂಟೆಂದು ಕಚೇರಿ ಅಲ್ಲಿ ಹೇಳಿಕೊಳ್ಳುತ್ತದೆ. ಕಾರಣ ಕೊಡದಿರುವುದನ್ನು ಹಕ್ಕೆಂದು ಹೇಳಿಕೊಳ್ಳುವ ಗದ್ಯ ಇನ್ನೆಲ್ಲಾದರೂ ಇದೆಯೆ? ಬಿಡ್ಡುದಾರರಿಗೆ, ಅಂದರೆ ಠೇವಣಿ ಇಡಬಲ್ಲವರಿಗೆ, ಹತ್ತು ಹದಿನೈದು ಷರತ್ತುಗಳನ್ನು ವಿವರವಾಗಿ ಬರೆಯುತ್ತಾರೆ. ಮಾರುವವಳು ಎಷ್ಟು ಕೊಡಬೇಕು, ಕೊಟ್ಟದ್ದಕ್ಕೆ ಚೀಟಿ ಬೇಡಬಹುದೆ, ಹೆಚ್ಚು ಕೇಳಿದರೆ ಯಾರಿಗೆ ಹೇಳಬೇಕು ಎಂಬುದು ಎಷ್ಟೋ ಕಡೆ ಒಂದು ಸಾಲಿನಲ್ಲೂ ಇರುವುದಿಲ್ಲ. ನಮ್ಮ ರಾಜ್ಯದ ಅನೇಕ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಸಂತೆಯ ಸುಂಕವನ್ನು ವರ್ಷಕ್ಕೊಮ್ಮೆ ಹರಾಜಿನಲ್ಲಿ ಕೊಟ್ಟುಬಿಡುವ ಪದ್ಧತಿಯಿದೆ. ಕಚೇರಿಗೆ ಒಂದೇ ಸಲ ಹಣ ಬರುತ್ತದೆ. ದಿನದಿನದ ತಾಪತ್ರಯ ಗುತ್ತಿಗೆದಾರನ ಪಾಲು. ಗುತ್ತಿಗೆ ಹಿಡಿದವನು ಕೊಟ್ಟ ಹಣಕ್ಕಿಂತ ಹೆಚ್ಚು ಎತ್ತಬೇಕು, ಅದು ವ್ಯಾಪಾರ. ಹೀಗೆ ಊರಿನ ಮಧ್ಯದ ನೆಲದ ಮೇಲೆ ಆ ವರ್ಷವೆಲ್ಲ ಮಾತಾಡುವ ದನಿ ಚುನಾಯಿತರದೂ ಅಲ್ಲ, ಅಧಿಕಾರಿಯದೂ ಅಲ್ಲ.

ಇದು ಇಂದಿನ ಕಥೆಯೆಂದುಕೊಳ್ಳಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷ, ಪಣ್ಯಾಧ್ಯಕ್ಷ, ಸಂಸ್ಥಾಧ್ಯಕ್ಷ ಎಂದು ಪೇಟೆಗೆ ಬೇರೆ ಬೇರೆ ಅಧಿಕಾರಿಗಳಿದ್ದಾರೆ. ಪ್ರಾಚೀನ ಅಥೆನ್ಸಿನಲ್ಲಿ ಪೇಟೆಯ ಮೇಲ್ವಿಚಾರಕರು ಹತ್ತು ಜನ, ಐವರು ನಗರಕ್ಕೆ, ಐವರು ಬಂದರಿಗೆ. ಅವರನ್ನು ಚೀಟಿ ಎತ್ತಿ ಆರಿಸುತ್ತಿದ್ದರೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರಂಥ ಹೇಳುತ್ತದೆ. ನಮ್ಮಲ್ಲಿ ಪಟ್ಟಣಸ್ವಾಮಿ ಎಂಬ ಹುದ್ದೆಯಿತ್ತು. ಶಾಸನಗಳನ್ನು ಓದಿದವರು ಬಲ್ಲರು: ಹೇರಿಗೆ ಇಷ್ಟು, ಎಲೆಗೆ ಇಷ್ಟು, ಎಣ್ಣೆಗಾಣಕ್ಕೆ ಇಷ್ಟು ಎಂದು ಸುಂಕದ ವಿವರ ಕಲ್ಲಿನ ಮೇಲೆ ಬಿದ್ದಿರುತ್ತದೆ. ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಪಾವಗಡ ತಾಲ್ಲೂಕಿನವೂ ಅದರಲ್ಲಿವೆ. ಬಿಡುವಿದ್ದಾಗ ಅದನ್ನು ತಿರುವಿ ಹಾಕುವುದು ನನಗೊಂದು ಚಟ.

ಶಾಸನವೂ ಒಂದು ಪ್ರಕಟಣೆಯೇ. ಅದರ ಗದ್ಯ ಒರಟು, ಕಾಗುಣಿತ ಒಮ್ಮೊಮ್ಮೆ ನಮ್ಮ ಆ ಹಾಳೆಗಿಂತ ಕೆಟ್ಟದ್ದು. ಆದರೆ ಅದಕ್ಕೆ ಕರ್ತೃಪದವಿದೆ. ಇಂಥವನು ಆಳುತ್ತಿರಲು, ಇಂಥವನು, ಇಂಥ ದಿನ, ಇಂಥವರ ಸಮಕ್ಷಮದಲ್ಲಿ, ಇಂಥ ಎಲ್ಲೆಯೊಳಗೆ ಇಷ್ಟನ್ನು ಬಿಟ್ಟನು. ಕೆಡಿಸಿದವನಿಗೆ ಏನಾಗುವುದೆಂಬುದನ್ನೂ ಹೇಳಿ, ಓದಬಾರದವನಿಗಾಗಿ ಮೇಲೆ ಸೂರ್ಯ, ಚಂದ್ರ, ಹಸು, ಕರು ಕೆತ್ತಿರುತ್ತಾರೆ. ಇದನ್ನು ಹೇಳುವಾಗ ಹಳೆಯ ಕಾಲವನ್ನು ಹೊಗಳುವ ದುರಾಸೆ ನನಗಿಲ್ಲ. ಆ ಸುಂಕ ಹೋದದ್ದು ಬಹುಮಟ್ಟಿಗೆ ದೇವಾಲಯಕ್ಕೆ, ಮಠಕ್ಕೆ. ಶಾಸನದಲ್ಲೂ ಸೊಪ್ಪು ಮಾರುವವಳ ಹೆಸರಿಲ್ಲ, ಅವಳ ಬುಟ್ಟಿಯ ಮೇಲಿನ ತೆರಿಗೆ ಮಾತ್ರ ಇದೆ. ಹೇಳಿದವನು ಯಾರೆಂಬುದು ಅಳಿಯದೆ ಉಳಿದಿದೆ ಎಂಬಷ್ಟೇ ನನ್ನ ಮಾತು.

ಈಗ ಒಂದು ಜೋಡುನುಡಿಯ ವಿಷಯಕ್ಕೆ ಬರುತ್ತೇನೆ: ಸಂತೆ-ಜಾತ್ರೆ. ಕನ್ನಡದಲ್ಲಿ ಇವೆರಡನ್ನೂ ಬಿಡಿಸಿ ಹೇಳುವವರು ಕಡಿಮೆ. ನಮ್ಮ ಸಂವಿಧಾನವೂ ಇವನ್ನು ಒಟ್ಟಾಗಿಯೇ ಕಂಡಿದೆ. ಏಳನೆಯ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯ 28ನೆಯ ಬಾಬು ಮಾರುಕಟ್ಟೆ ಮತ್ತು ಜಾತ್ರೆಗಳದು. 73ನೆಯ ತಿದ್ದುಪಡಿಯಿಂದ ಗ್ರಾಮ ಪಂಚಾಯಿತಿಗಳಿಗೆ ಬಿಟ್ಟುಕೊಡಬಹುದಾದ 29 ಬಾಬುಗಳ ಹನ್ನೊಂದನೆಯ ಅನುಸೂಚಿಯಲ್ಲಿ 22ನೆಯದೂ ಅದೇ ಜೋಡಿ. ಆದರೆ 74ನೆಯ ತಿದ್ದುಪಡಿಯ ಮೂಲಕ ಪಟ್ಟಣಗಳಿಗಾಗಿ ಮಾಡಿದ ಹನ್ನೆರಡನೆಯ ಅನುಸೂಚಿಯ 18 ಬಾಬುಗಳನ್ನು ಓದಿ ನೋಡಿ: ರಸ್ತೆ ಇದೆ, ಉದ್ಯಾನವಿದೆ, ಶ್ಮಶಾನವಿದೆ, ದನದ ದೊಡ್ಡಿಯಿದೆ, ಕಸಾಯಿಖಾನೆಯಿದೆ, ಸಂತೆ-ಜಾತ್ರೆಗಳ ಹೆಸರಿಲ್ಲ. ಪಟ್ಟಣಕ್ಕೆ ಸಂತೆ ಬೇಡವಾಯಿತೆಂದು ಇದರರ್ಥವಲ್ಲ. ಕರ್ನಾಟಕದ 1964ರ ಪುರಸಭಾ ಅಧಿನಿಯಮದಲ್ಲಿ ಮಾರುಕಟ್ಟೆಗಳ ವಿಷಯ ಬೇಕಾದಷ್ಟಿದೆ. ಆದರೂ ಪಟ್ಟಿ ಬರೆದವರ ಮನಸ್ಸಿನಲ್ಲಿ ಸಂತೆ ಹಳ್ಳಿಯದು, ಪಟ್ಟಣದ್ದು ಅಂಗಡಿಸಾಲು ಎಂಬ ಚಿತ್ರವಿತ್ತೇನೋ ಎಂದು ಸಾಹಿತ್ಯದ ವಿದ್ಯಾರ್ಥಿಗೆ ಅನುಮಾನ ಬರುತ್ತದೆ. ಒಂದು ಪದ ಎಲ್ಲಿ ಬಿಟ್ಟುಹೋಗಿದೆ ಎಂದು ನೋಡುವುದು ನಮ್ಮ ಕಸುಬು.

ಪಾವಗಡಕ್ಕೆ ಬಂದು ನೋಡಿದವರಿಗೆ ಆ ಚಿತ್ರ ನಿಲ್ಲುವುದಿಲ್ಲ. ಶನಿಮಹಾತ್ಮನ ಗುಡಿಯಿಂದಾಗಿ ಈ ಊರಿಗೆ ಪ್ರತಿ ಶನಿವಾರವೂ ಒಂದು ಸಣ್ಣ ಜಾತ್ರೆಯೇ. ಶ್ರಾವಣದ ಶನಿವಾರಗಳಂತೂ ದೊಡ್ಡ ಜಾತ್ರೆ. ತಾಲ್ಲೂಕಿನ ಮೂರು ಕಡೆ ಆಂಧ್ರಪ್ರದೇಶ. ಮಡಕಶಿರಾ, ಹಿಂದೂಪುರ, ಪೆನುಕೊಂಡ, ಕಲ್ಯಾಣದುರ್ಗಗಳ ಕಡೆಯಿಂದ ಜನ ಬರುತ್ತಾರೆ. ಅವರಲ್ಲಿ ಮೊದಲ ಮೂರು ಊರುಗಳು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಜಿಲ್ಲೆ ಬದಲಾದರೂ ಬರುವವರು ಬದಲಾಗಿಲ್ಲ. ಅವತ್ತು ಎಳ್ಳುಬತ್ತಿ, ತೆಂಗಿನಕಾಯಿ, ಹೂವು, ಬಾಳೆಹಣ್ಣು, ಆಟದ ಸಾಮಾನು, ಕಡಲೆಪುರಿ ಮಾರುವವರು ದಾರಿಯ ಎರಡು ಬದಿಯಲ್ಲೂ ಕೂರುತ್ತಾರೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ ಬೆಲೆ ಹೇಳುತ್ತಾರೆ. ಚೌಕಾಸಿಗೆ ಮಾತ್ರ ಎರಡರಲ್ಲೂ ಒಂದೇ ಉತ್ತರ. ಅದು ದೇವರ ಉತ್ಸವವೊ, ಪೇಟೆಯೊ? ಎರಡನ್ನೂ ಬೇರೆ ಮಾಡಿದರೆ ಎರಡೂ ಉಳಿಯುವುದಿಲ್ಲ. ಬೆಂಗಳೂರು ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ನೆನೆದುಕೊಳ್ಳಿ. ಕಡಲೆಕಾಯಿಯನ್ನು ತೆಗೆದುಬಿಟ್ಟರೆ ಅಲ್ಲಿ ಪರಿಷೆ ಎಲ್ಲಿ?

ಪೇಟೆಯನ್ನು ತೆಗೆದು ಹೆಸರನ್ನು ಉಳಿಸಿಕೊಂಡ ನಿದರ್ಶನವೂ ನಮ್ಮಲ್ಲುಂಟು. ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಣ ಬೀದಿಗೆ ಹಂಪೆ ಬಜಾರ್ ಎಂದು ಹೆಸರು. ಅಲ್ಲಿನ ಮಂಟಪಗಳಲ್ಲಿ ಅಂಗಡಿಯನ್ನೂ ಮನೆಯನ್ನೂ ಮಾಡಿಕೊಂಡಿದ್ದವರನ್ನು 2011ರ ಜುಲೈ ತಿಂಗಳಲ್ಲಿ ಎಬ್ಬಿಸಿದರು. ಸ್ಮಾರಕ ಉಳಿಯಬೇಕೆಂಬುದು ನಿಜ, ಕಲ್ಲುಮಂಟಪಕ್ಕೆ ಗೋಡೆ ಕಟ್ಟಿ ಕೆಡಿಸುತ್ತಿದ್ದರೆಂಬುದೂ ನಿಜ. ಆದರೆ ವಿಜಯನಗರದ ಪೇಟೆಯನ್ನು ಕಂಡು ಬೆರಗಾಗಿ ಬರೆದ ಅಬ್ದುಲ್ ರಝಾಕನೂ ಪಾಯೆಸನೂ ಇಂದು ಬಂದರೆ, ಆ ಹೆಸರಿನ ಬೀದಿಯಲ್ಲಿ ಕೊಳ್ಳುವುದಕ್ಕೆ ಏನೂ ಇಲ್ಲದ್ದನ್ನು ಕಂಡು ಇನ್ನೊಂದು ಬಗೆಯ ಬೆರಗನ್ನು ಬರೆದಾರು.

ಆಡಳಿತದವರ ಪಕ್ಷದಲ್ಲಿ ಹೇಳಬೇಕಾದದ್ದೂ ಇದೆ; ಅದನ್ನು ಹೇಳದೆ ಹೋದರೆ ನಾನೂ ಏಕಪಕ್ಷದ ವಿಮರ್ಶಕನಾದೇನು. ಶ್ರಾವಣ ಶನಿವಾರದಂದು ಆಂಬುಲೆನ್ಸು ಬಂದರೆ ದಾರಿ ಬಿಡಬೇಕಾದವರು ಯಾರು? ಸಂತೆ ಮುಗಿದ ರಾತ್ರಿ ಕೊಳೆತ ಎಲೆಕೋಸನ್ನು ಗುಡಿಸುವವರು ಪೌರಕಾರ್ಮಿಕರು. ನಾವು ಬೆಳಿಗ್ಗೆ ಎದ್ದಾಗ ಬೀದಿ ಬೀದಿಯಾಗಿರುತ್ತದೆ, ಅದು ಹೇಗಾಯಿತೆಂದು ಕೇಳುವುದಿಲ್ಲ. ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಏನಾಗುವುದೆಂಬುದಕ್ಕೂ ಉದಾಹರಣೆಗಳಿವೆ. ಬೆಂಗಳೂರಿನ ರಸಲ್ ಮಾರುಕಟ್ಟೆಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿಯಿತು. ಕೆಡವಿ ಕಟ್ಟಬೇಕೆ, ರಿಪೇರಿ ಮಾಡಿ ಉಳಿಸಬೇಕೆ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಸಣ್ಣ ಪುರಸಭೆಗೆ ಹಣ ಕಡಿಮೆ, ಸಿಬ್ಬಂದಿ ಕಡಿಮೆ. ಅಂಗಡಿ ಬಾಡಿಗೆ ಕೊಡುವ ಕಟ್ಟಡದ ವರ್ತಕನೂ, ತನ್ನ ಬಾಗಿಲ ಮುಂದೆ ಬುಟ್ಟಿ ಇಟ್ಟು ಕೂರುವವಳ ಮೇಲೆ ದೂರು ಕೊಡುವವನೂ ಒಬ್ಬನೇ. ಅವನ ದೂರಿನಲ್ಲೂ ಹುರುಳಿಲ್ಲವೆನ್ನಲಾರೆ.

ಇವನ್ನೆಲ್ಲ ತೂಗಿನೋಡಿಯೇ ಇರಬೇಕು, ಪಾರ್ಲಿಮೆಂಟು 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಅಧಿನಿಯಮವನ್ನು ಮಾಡಿತು. ಬೀದಿಯಲ್ಲಿ ಮಾರುವುದೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದ ಒಳಗೇ ಬರುತ್ತದೆ, ಆದರೆ ಅದಕ್ಕೆ ಕಟ್ಟುಪಾಡು ಹಾಕಬಹುದು ಎಂದು ಸುಪ್ರೀಂ ಕೋರ್ಟು ಸೋಧನ್ ಸಿಂಗ್ ಪ್ರಕರಣದಲ್ಲಿ 1989ರಲ್ಲೇ ಹೇಳಿತ್ತು. ಅಧಿನಿಯಮದಲ್ಲಿ ಎಷ್ಟೊ ಒಳ್ಳೆಯ ಮಾತುಗಳಿವೆ. ಪಟ್ಟಣಕ್ಕೊಂದು ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಎಣಿಕೆ ಆಗಬೇಕು; ಎಣಿಕೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಜನ ತಾವಾಗಿಯೇ ಬಹುಕಾಲದಿಂದ ಕೊಂಡು ಮಾರಲು ಕೂಡುವ ಸ್ಥಳಕ್ಕೆ ಅಧಿನಿಯಮ ಒಂದು ಪಾರಿಭಾಷಿಕ ಪದ ಕೊಟ್ಟಿದೆ. ಕನ್ನಡದಲ್ಲಿ ಸಹಜ ಮಾರುಕಟ್ಟೆ ಎನ್ನಬಹುದು. ಅಂಥ ಜಾಗದಲ್ಲಿ ಐವತ್ತು ವರ್ಷಕ್ಕೆ ಮೇಲ್ಪಟ್ಟು ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕವೆಂದು ಸಾರಬೇಕು, ಅಲ್ಲಿನವರನ್ನು ಬೇರೆಡೆಗೆ ಸಾಗಿಸಬಾರದು ಎಂದೂ ಅದರ ಅನುಸೂಚಿಯಲ್ಲಿದೆ.

ಸಹಜ ಮಾರುಕಟ್ಟೆ! ಸಂತೆ ಎಂಬ ಎರಡಕ್ಷರ ಇರುವಾಗ ಈ ಏಳೆಂಟಕ್ಷರ ಏಕೆಂದು ಕೇಳಬೇಡಿ. ನನಗೆ ನೋವಾಗುವುದು ಬೇರೆ ಕಡೆ. ನಾನು ಆ ಹಾಳೆಯನ್ನು ತಿದ್ದಿದಾಗ ಈ ಅಧಿನಿಯಮ ಜಾರಿಯಲ್ಲಿತ್ತು. ಎಣಿಕೆಯಾಗಿದೆಯೆ, ಸಮಿತಿ ಕೂಡಿತ್ತೆ ಎಂದು ನಾನು ಕೇಳಬಹುದಾಗಿತ್ತು. "ಅನಧಿಕೃತ" ಎಂಬ ಪದದ ಧಕಾರಕ್ಕೆ ಮಹಾಪ್ರಾಣ ಕೊಟ್ಟೆನೇ ಹೊರತು, ಐವತ್ತು ವರ್ಷದಿಂದ ಕೂಡುತ್ತಿರುವ ಸಂತೆಗೆ ಆ ವಿಶೇಷಣ ಸಲ್ಲುತ್ತದೆಯೆ ಎಂದು ಯೋಚಿಸಲಿಲ್ಲ. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕಾವ್ಯಮೀಮಾಂಸೆಯ ತರಗತಿಯಲ್ಲಿ ವರ್ಷವರ್ಷವೂ ವಿವರಿಸುವವನು ನಾನು.

ಲೆಕ್ಕದ ಮಾತೊಂದನ್ನು ನಡುವೆ ಸೇರಿಸುತ್ತೇನೆ. ಸಾಹಿತ್ಯದವರಿಗೆ ಲೆಕ್ಕ ಬಾರದೆಂಬ ಅಪವಾದ ಹೋಗಲಿ. ನಮ್ಮ ತಾಲ್ಲೂಕಿನ ತಿರುಮಣಿಯ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ ಸ್ಥಾವರವಿದೆ. 2018ರಲ್ಲಿ ಉದ್ಘಾಟನೆಯಾಯಿತು, ಶಕ್ತಿ 2,050 ಮೆಗಾವಾಟ್. ರೈತರಿಂದ ನೆಲವನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಮೊದಲು ಗೊತ್ತುಮಾಡಿ, ಕಾಲಕಾಲಕ್ಕೆ ಏರಿಸುವ ಕರಾರಾಯಿತು. ಸೊಪ್ಪು ಮಾರುವವಳಿಗೆ ಕೂರಲು ನಾಲ್ಕಡಿ ಉದ್ದ, ನಾಲ್ಕಡಿ ಅಗಲ ಬೇಕು. ಮೊದಲ ದರದಲ್ಲಿ ಅಷ್ಟು ಜಾಗಕ್ಕೆ ಗಾಜಿನ ಹಲಗೆ ಕೊಡುವ ಬಾಡಿಗೆ ವರ್ಷಕ್ಕೆ ಎಂಟು ರೂಪಾಯಿಗೂ ಕಡಿಮೆ. ಯಾವುದೋ ಒಂದು ಊರಿನ ಸಂತೆಯಲ್ಲಿ ದಿನಕ್ಕೆ ಹತ್ತೇ ರೂಪಾಯಿ ನೆಲವಳಿ ಎಂದಿಟ್ಟುಕೊಂಡರೂ ವಾರದ ಸಂತೆಗಳಿಂದ ವರ್ಷಕ್ಕೆ 520 ರೂಪಾಯಿ ಆಯಿತು. ಅದೂ ವಾರಕ್ಕೊಂದೇ ದಿನದ ಬಾಡಿಗೆ. ಬೆದ್ದಲು ನೆಲಕ್ಕೂ ಪೇಟೆಯ ನಡುವಿನ ನೆಲಕ್ಕೂ ಹೋಲಿಕೆಯೆ ಎನ್ನುವಿರಿ. ಸರಿಯೇ. ಆದರೆ ಹಲಗೆಯ ಜೊತೆ ಕರಾರುಪತ್ರವಿದೆ, ಅದರ ವಾಕ್ಯಗಳಿಗೆ ಕರ್ತೃಪದವಿದೆ, ಇಷ್ಟು ವರ್ಷ ಇಲ್ಲಿಂದ ಎಬ್ಬಿಸುವಂತಿಲ್ಲ ಎಂಬ ಭರವಸೆಯಿದೆ.

ಆ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಮರುವಾರ ತರಗತಿಯಲ್ಲಿ ಅವಳಿಗೆ ನನ್ನ ಹಿಂದಿನ ಉತ್ತರ ಸರಿಯಿರಲಿಲ್ಲವೆಂದು ಹೇಳಿದೆ. ಪುರವರ್ಣನೆಯಲ್ಲಿ ಸೊಪ್ಪು ಮಾರುವವರು ಇಲ್ಲದಿರುವುದು ಕವಿಸಮಯವೂ ಹೌದು, ಕವಿಯ ಕಣ್ಣಿನ ದೋಷವೂ ಹೌದು ಎಂದೆ. ಪಠ್ಯಪುಸ್ತಕ ಮುಚ್ಚಿ, ನನ್ನ ಹಳೆಯ ಕಡತದಲ್ಲಿ ಉಳಿದಿದ್ದ ಆ ಪ್ರಕಟಣೆಯ ಕರಡನ್ನು, ಊರಿನ ಹೆಸರು ತೆಗೆದು, ಕಪ್ಪುಹಲಗೆಯ ಮೇಲೆ ಬರೆದೆ. ಸಂತೆಯಲ್ಲಿ ಕೂತು ಮಾರುವವರಿಗೆ ಓದಿ ಹೇಳಿದರೆ ತಿಳಿಯುವಂಥ ಕನ್ನಡದಲ್ಲಿ ಇದನ್ನು ತಿರುಗಿ ಬರೆಯಿರಿ, "ಲಾಗುವುದು" ಎಂಬುದು ಒಂದು ಕಡೆಯೂ ಬರಬಾರದು ಎಂದು ಅಭ್ಯಾಸ ಕೊಟ್ಟೆ.

ತರಗತಿ ಮೌನವಾಗಿ ಬರೆಯಿತು. ಕೆಲವರು ಒಳ್ಳೆಯ ಮಾತುಗಳನ್ನು ಹುಡುಕಿದ್ದರು. ಒಬ್ಬ ಹುಡುಗ "ಅನಧಿಕೃತ"ಕ್ಕೆ "ಚೀಟಿಯಿಲ್ಲದ" ಎಂದು ಬರೆದಿದ್ದ, ಇನ್ನೊಬ್ಬ "ತೆರವು" ಎಂಬಲ್ಲಿ ನೇರವಾಗಿ "ಎಬ್ಬಿಸುತ್ತೇವೆ" ಎಂದಿದ್ದ. ಎಬ್ಬಿಸುತ್ತೇವೆ ಎಂದು ಬರೆದೊಡನೆ ಆ ಪ್ರಕಟಣೆಯನ್ನು ಅಂಟಿಸಲು ಕೈ ಬಾರದೆಂಬುದು ಅವನಿಗೆ ಹೊಳೆದಿತ್ತೊ ಇಲ್ಲವೊ. ಸೊಪ್ಪಿನವರ ಮಗಳು ಮಾತ್ರ ಮೊದಲ ಸಾಲಿನಲ್ಲೇ ನಿಂತಿದ್ದಳು. ಹತ್ತಿರ ಹೋದೆ. "ಸಾರ್, ಜಾಗ ಬಿಡ್ಬೇಕು ಅಂತ ಹೇಳ್ತಿರೋರು ಯಾರು ಅಂತ ಬರೀಲಿ?" ಎಂದು ಕೇಳಿದಳು. ಕರಡನ್ನು ಮತ್ತೆ ಮೊದಲಿನಿಂದ ಓದಿದೆ. ಅದರಲ್ಲಿರಲಿಲ್ಲ. ಸದ್ಯಕ್ಕೆ ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆ ಎಂದೆ. ಅವಳು ಹಾಗೆಯೇ ಮಾಡಿದಳು. ಆ ನೋಟುಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ, ಅಂಕ ಹಾಕಿಲ್ಲ.